ಬಾಳೆಯ ರಾಶಿ, ಕೋಳಿಯ ಪಣ: ಗಣಿತಸಾರಸಂಗ್ರಹದ ಅಭ್ಯಾಸಲೆಕ್ಕಗಳು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದೀರ್ಘವಾದ ಆಳ್ವಿಕೆಯ (ಕ್ರಿ.ಶ. 814–878) ಸಾಂಸ್ಕೃತಿಕ ಸಾಧನೆಗಳನ್ನು ಎಣಿಸುವಾಗ ನಮ್ಮ ಸಾಹಿತ್ಯಚರಿತ್ರಕಾರರು ಮೊದಲು ಹೆಸರಿಸುವುದು ಕವಿರಾಜಮಾರ್ಗವನ್ನು. ಅನಂತರ ಜಿನಸೇನಾಚಾರ್ಯರ ಪುರಾಣರಚನೆ, ಶಾಕಟಾಯನನ ವ್ಯಾಕರಣ ಮತ್ತು ಅದರ ಅಮೋಘವೃತ್ತಿಗಳ ಪ್ರಸ್ತಾಪ ಬರುತ್ತದೆ. ಇವೆಲ್ಲ ಮುಗಿದ ಮೇಲೆ, ‘ಇದೇ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದರು’ ಎಂಬ ಒಂದು ವಾಕ್ಯ ಸೇರುತ್ತದೆ. ಆ ಒಂದು ವಾಕ್ಯದಾಚೆಗೆ ಸಾಹಿತ್ಯದ ವಿದ್ಯಾರ್ಥಿ ಹೋಗುವುದಿಲ್ಲ. ಗಣಿತವೆಂದರೆ ಅದು ಇನ್ನೊಂದು ವಿಭಾಗದವರ ಸೊತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗಣಿತದ ವಿದ್ಯಾರ್ಥಿಯೂ ಅದನ್ನು ಓದುವುದಿಲ್ಲ, ಏಕೆಂದರೆ ಅವನಿಗೆ ಅದು ಹಳೆಯ ಸಂಸ್ಕೃತ ಪದ್ಯಗಳ ಪುಸ್ತಕ. ಹೀಗೆ ಎರಡು ಮನೆಯ ನೆಂಟನಾಗಿ ಎರಡು ಕಡೆಯೂ ಊಟವಿಲ್ಲದ ಗ್ರಂಥವಿದು.

ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ಈ ಗ್ರಂಥದಲ್ಲಿ 1100ಕ್ಕೂ ಹೆಚ್ಚು ಪದ್ಯಗಳಿವೆ. ಸಂಜ್ಞಾಧಿಕಾರದಿಂದ ಮೊದಲಾಗಿ ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯಾ ಎಂದು ಒಂಬತ್ತು ಅಧ್ಯಾಯಗಳು. ಆರಂಭದಲ್ಲಿ ವರ್ಧಮಾನ ತೀರ್ಥಂಕರರ ಸ್ತುತಿಯೂ ನೃಪತುಂಗನ ಪ್ರಶಂಸೆಯೂ ಇವೆ. ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಇದನ್ನು ಮೊದಲು ಪ್ರಕಟಿಸಿದಾಗ ಗಣಿತೇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಮುನ್ನುಡಿ ಬರೆದರು. ಎಲ್. ಸಿ. ಜೈನ್ ಅವರ ಹಿಂದೀ ಅನುವಾದ 1963ರಲ್ಲಿ ಸೊಲ್ಲಾಪುರದಿಂದ ಬಂತು. ಕನ್ನಡದ ನೆಲದಲ್ಲಿ ಹುಟ್ಟಿದ ಈ ಕೃತಿ ಕನ್ನಡ ಅನುವಾದಕ್ಕಾಗಿ 2000ದ ವರೆಗೆ ಕಾಯಬೇಕಾಯಿತು. ಆ ವರ್ಷ ಪದ್ಮಾವತಮ್ಮನವರ ಅನುವಾದ ಹೊಂಬುಜದಿಂದ ಪ್ರಕಟವಾಯಿತು.

ಇಲ್ಲಿ ನಾನು ವಿಚಾರಿಸಬಯಸುವುದು ಗ್ರಂಥದ ಸೂತ್ರಗಳಿಗಿಂತ ಹೆಚ್ಚಾಗಿ ಅದರ ಅಭ್ಯಾಸಲೆಕ್ಕಗಳನ್ನು. ಪ್ರತಿಯೊಂದು ಸೂತ್ರದ ಬೆನ್ನಿಗೆ ‘ಅತ್ರೋದ್ದೇಶಕಃ’ ಎಂಬ ಶೀರ್ಷಿಕೆಯ ಕೆಳಗೆ ಲೆಕ್ಕಗಳು ಬರುತ್ತವೆ. ಅವುಗಳಲ್ಲಿ ಗುರು ಶಿಷ್ಯನನ್ನು ‘ಸಖ’ ಎಂದೋ ‘ಗಣಕ’ ಎಂದೋ ಕರೆದು, ‘ಬಲ್ಲೆಯಾದರೆ ಬೇಗ ಹೇಳು’ ಎನ್ನುವ ಧಾಟಿಯಲ್ಲಿ ಕೇಳುತ್ತಾನೆ. ಸೂತ್ರ ಸಂಕ್ಷಿಪ್ತ, ಉದ್ದೇಶಕ ವಿಸ್ತಾರ. ಸೂತ್ರವನ್ನು ಕಂಠಪಾಠ ಮಾಡಬಹುದು, ಉದ್ದೇಶಕವನ್ನು ಮಾಡಿಯೇ ತೀರಬೇಕು. ಸಂಖ್ಯಾಸಿದ್ಧಾಂತ ಮತ್ತು ಸಂಭವನೀಯತೆ ಎಂದು ಇಂದು ನಮ್ಮ ಪ್ರೌಢಶಾಲೆಯ ಮಕ್ಕಳು ಅಭ್ಯಾಸಮಾಡುವ ಎರಡು ವಿಷಯಗಳ ಪೈಕಿ ಮೊದಲನೆಯದು ಈ ಗ್ರಂಥದಲ್ಲಿ ಬಲಿತು ನಿಂತಿದೆ. ಎರಡನೆಯದು ಬಾಗಿಲವರೆಗೆ ಬಂದು ಒಳಗೆ ಬಂದಿಲ್ಲ. ಹೀಗೇಕಾಯಿತು ಎಂಬ ಪ್ರಶ್ನೆಗೆ ಉದ್ದೇಶಕವೆಂಬ ಸಾಹಿತ್ಯಪ್ರಕಾರದಲ್ಲಿಯೇ ಒಂದು ಉತ್ತರ ಸಿಗಬಹುದೆಂದು ನನಗೆ ತೋರುತ್ತದೆ.

ಮಿಶ್ರಕ ವ್ಯವಹಾರದಲ್ಲಿ ಬರುವ ಒಂದು ಪ್ರಸಿದ್ಧ ಲೆಕ್ಕದಿಂದ ಆರಂಭಿಸೋಣ. ಹೂವು ಹಣ್ಣುಗಳ ಭಾರಕ್ಕೆ ಬಾಗಿದ ಮರಗಳಿಂದ ತುಂಬಿದ ಒಂದು ವನದ ಅಂಚು. ನೇರಳೆ, ಬಾಳೆ, ಅಡಕೆ, ಹಲಸು, ತಾಳೆ, ಮಾವು ಎಂದು ಮರಗಳ ಹೆಸರು ಸಾಲಾಗಿ ಬರುತ್ತವೆ. ಗಿಳಿ ಕೋಗಿಲೆಗಳ ದನಿ, ತಾವರೆಗಳ ಸುತ್ತ ದುಂಬಿಗಳು. ಅಲ್ಲಿಗೆ ದಣಿದ ದಾರಿಹೋಕರು ಸಂತೋಷದಿಂದ ಪ್ರವೇಶಿಸುತ್ತಾರೆ. ಅಲ್ಲಿ ಸಮಸಂಖ್ಯೆಯ ಹಣ್ಣುಗಳುಳ್ಳ 63 ಬಾಳೆಹಣ್ಣಿನ ರಾಶಿಗಳಿವೆ, ಬಿಡಿಯಾಗಿ 7 ಹಣ್ಣುಗಳಿವೆ. ಎಲ್ಲವನ್ನೂ ಕೂಡಿಸಿ 23 ಮಂದಿ ಪಥಿಕರು ಏನೂ ಉಳಿಯದಂತೆ ಸಮನಾಗಿ ಹಂಚಿಕೊಂಡರು. ಒಂದು ರಾಶಿಯಲ್ಲಿ ಎಷ್ಟು ಹಣ್ಣು?

ಕಾವ್ಯದ ವಿದ್ಯಾರ್ಥಿಗೆ ಈ ವರ್ಣನೆ ಅಪರಿಚಿತವಲ್ಲ. ಚಂಪೂಕಾವ್ಯಗಳ ವನವರ್ಣನೆಯೇ ಇದು, ಗಾತ್ರದಲ್ಲಿ ಚಿಕ್ಕದು. ಇದನ್ನು ಅಲಂಕಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಲೆಕ್ಕ ಮಾಡಿ ನೋಡಿದವನಿಗೆ ಬೇರೊಂದು ಅಂಶ ಹೊಳೆಯುತ್ತದೆ: ಇಷ್ಟು ಮಾತುಗಳ ನಡುವೆ ಪ್ರಯೋಜನಕ್ಕೆ ಬರುವ ಸಂಖ್ಯೆಗಳು ಮೂರೇ. ಮಾತಿನ ಕಾಡಿನಿಂದ ಆ ಮೂರನ್ನು ಹೆಕ್ಕಿ ತೆಗೆಯುವುದೇ ಶಿಷ್ಯನ ಮೊದಲ ಅಭ್ಯಾಸ. ಇಂದಿನ ಪಠ್ಯಪುಸ್ತಕಗಳ ‘ಹೇಳಿಕೆ ಸಮಸ್ಯೆ’ಗಳಲ್ಲಿ ಮಕ್ಕಳು ಎಡವುವುದೂ ಇಲ್ಲಿಯೇ.

ಇದನ್ನು ಬಿಡಿಸುವ ವಿಧಾನಕ್ಕೆ ಮಹಾವೀರಾಚಾರ್ಯರು ವಲ್ಲಿಕಾ ಕುಟ್ಟೀಕಾರ ಎನ್ನುತ್ತಾರೆ. ಕುಟ್ಟುವುದೆಂದರೆ ಪುಡಿಮಾಡುವುದು. ದೊಡ್ಡ ಸಂಖ್ಯೆಗಳನ್ನು ಭಾಗಿಸಿ ಭಾಗಿಸಿ ಚಿಕ್ಕದಾಗಿಸುವುದು, ದೊರೆತ ಭಾಗಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದು ಬರೆಯುವುದು ಇದರ ಕ್ರಮ. ಗ್ರಂಥದ ಜೋಡಣೆಯನ್ನು ಬಿಟ್ಟು ಅದರ ಹುರುಳನ್ನು ಮಾತ್ರ ಇಂದಿನ ರೀತಿಯಲ್ಲಿ ಹೇಳುತ್ತೇನೆ. ರಾಶಿಯ ಹಣ್ಣುಗಳ 63 ಪಟ್ಟಿಗೆ 7 ಕೂಡಿಸಿದರೆ ಅದು 23ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 63ರಲ್ಲಿ 23 ಎರಡು ಬಾರಿ ಹೋಗಿ 17 ಉಳಿಯುತ್ತದೆ. ಆದ್ದರಿಂದ ರಾಶಿಯ 17 ಪಟ್ಟಿಗೆ 7 ಕೂಡಿಸಿದರೂ ಅದು 23ರ ಅಪವರ್ತ್ಯವೇ ಆಗಿರಬೇಕು. ಅದು 23ರ ಎಷ್ಟು ಪಟ್ಟೋ ಅದನ್ನು ‘ಚ’ ಎನ್ನೋಣ. ಈಗ 23 ಚ ದಿಂದ 7 ಕಳೆದರೆ 17ರಿಂದ ಭಾಗವಾಗಬೇಕು, ಎಂದರೆ 6 ಚ ದಿಂದ 7 ಕಳೆದರೂ 17ರಿಂದ ಭಾಗವಾಗಬೇಕು. ಹೀಗೆ ದೊರೆತ ಭಾಗಲಬ್ಧವನ್ನು ‘ತ’ ಎಂದರೆ, 17 ತ ಗೆ 7 ಕೂಡಿಸಿದರೆ 6ರಿಂದ ಭಾಗವಾಗಬೇಕು, ಅಥವಾ ಇನ್ನೂ ಕುಟ್ಟಿದರೆ 5 ತ ಗೆ 1 ಕೂಡಿಸಿದಾಗ 6ರಿಂದ ಭಾಗವಾಗಬೇಕು. ಇಲ್ಲಿಗೆ ಲೆಕ್ಕ ಪುಡಿಯಾಯಿತು. ತ ಎಂದರೆ 1 ಎಂಬುದು ಕಣ್ಣಿಗೇ ಕಾಣುತ್ತದೆ. ಈಗ ಬಳ್ಳಿಯನ್ನು ಹಿಡಿದು ಮೇಲೇರಬೇಕು: 17ಕ್ಕೆ 7 ಕೂಡಿಸಿದರೆ 24, ಅದನ್ನು 6ರಿಂದ ಭಾಗಿಸಿದರೆ ಚ 4 ಆಯಿತು. 23ರ ನಾಲ್ಕು ಪಟ್ಟು 92, ಅದರಲ್ಲಿ 7 ಕಳೆದರೆ 85, ಅದನ್ನು 17ರಿಂದ ಭಾಗಿಸಿದರೆ 5. ಒಂದು ರಾಶಿಯಲ್ಲಿ 5 ಹಣ್ಣು. ತಾಳೆ ನೋಡೋಣ: 63ರ ಐದು ಪಟ್ಟು 315, ಬಿಡಿಯ 7 ಸೇರಿ 322. ಅದು 23 ಮಂದಿಗೆ ತಲಾ 14ರಂತೆ ಸರಿಹೋಯಿತು. ರಾಶಿಯ ಸಂಖ್ಯೆಗೆ 23 ಕೂಡಿಸುತ್ತ ಹೋದರೆ 28, 51 ಮುಂತಾಗಿ ಬೇರೆ ಉತ್ತರಗಳೂ ಬರುತ್ತವೆ.

ಆರ್ಯಭಟನ ಕಾಲದಿಂದಲೇ ಕುಟ್ಟಕವಿತ್ತು. ಆದರೆ ಆರ್ಯಭಟ, ಬ್ರಹ್ಮಗುಪ್ತರಲ್ಲಿ ಅದು ಮುಖ್ಯವಾಗಿ ಗ್ರಹಗಣಿತದ ಸಾಧನ. ಮಹಾವೀರಾಚಾರ್ಯರು ಜ್ಯೋತಿಷವನ್ನು ಬೆರೆಸದೆ ಗಣಿತವನ್ನು ಸ್ವತಂತ್ರ ಶಾಸ್ತ್ರವಾಗಿ ಬರೆದವರು. ಆದುದರಿಂದ ಅವರಲ್ಲಿ ಕುಟ್ಟಕ ಆಕಾಶದಿಂದ ಬಾಳೆಯ ತೋಟಕ್ಕೆ ಇಳಿದಿದೆ. ಇದನ್ನು ನಾನು ಇಳಿಕೆ ಎಂದು ಭಾವಿಸುವುದಿಲ್ಲ. ಗ್ರಹಗಣಿತವನ್ನು ಕಲಿಯುವವರು ಕೆಲವರು, ಹಂಚಿ ತಿನ್ನುವುದು ಎಲ್ಲರಿಗೂ ಗೊತ್ತು.

ಸಂಖ್ಯೆಗಳ ಸ್ವಭಾವದ ಬಗೆಗಿನ ಕುತೂಹಲ ಗ್ರಂಥದ ಉದ್ದಕ್ಕೂ ಇದೆ. ಗುಣಾಕಾರದ ಅಭ್ಯಾಸಕ್ಕಾಗಿ ಅವರು ಆಯ್ದ ಸಂಖ್ಯೆಗಳ ಗುಣಲಬ್ಧಗಳು ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುತ್ತವೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111, 27994681ನ್ನು 441ರಿಂದ ಗುಣಿಸಿದರೆ 12345654321. ಇವುಗಳಿಗೆ ಕಂಠಾಭರಣವೆಂಬ ಹೆಸರು. ಸರದ ಮಣಿಗಳು ಎರಡು ಬದಿಗೂ ಸಮನಾಗಿರುವಂತೆ ಅಂಕಿಗಳೂ ಇವೆ. ಚಿತ್ರಕವಿತೆಯ ಗತಪ್ರತ್ಯಾಗತವನ್ನು ಬಲ್ಲವರಿಗೆ ಇದರ ರುಚಿ ಬೇಗ ತಿಳಿಯುತ್ತದೆ. ಒಂದು ಶೈಕ್ಷಣಿಕ ಪ್ರಯೋಜನವೂ ಇದೆ: ಗುಣಾಕಾರ ತಪ್ಪಿದ್ದರೆ ಸರ ಕೆಡುತ್ತದೆ, ಗುರು ಪರೀಕ್ಷಿಸಬೇಕಾಗಿಲ್ಲ. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ವೆಂಬ ಹೆಸರಿನಲ್ಲಿ ಹೇಳಿದ್ದಾರೆ. ಒಂದನ್ನು ಬೇಕಾದಷ್ಟು ಏಕಾಂಶ ಭಿನ್ನಗಳ ಮೊತ್ತವಾಗಿ ಒಡೆಯುವ ಸೂತ್ರವೂ ಕಲಾಸವರ್ಣದಲ್ಲಿದೆ. 1, 3, 9, 27 ಎಂದು ಮೂರರ ಪಟ್ಟುಗಳನ್ನು ಬರೆದು ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಿದರೆ ಛೇದಗಳು ಸಿದ್ಧ: 1/2, 1/3, 1/9, 1/18. ಕೂಡಿಸಿದರೆ ಸರಿಯಾಗಿ ಒಂದು.

ತಪ್ಪುಗಳೂ ಇವೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಅವರು ಹೇಳಿದ್ದು ಸರಿಯಲ್ಲ. ಋಣಸಂಖ್ಯೆಗೆ ಸ್ವಭಾವತಃ ವರ್ಗಮೂಲವಿಲ್ಲ ಎಂದು ಅದೇ ಲೇಖನಿ ಸ್ಪಷ್ಟವಾಗಿ ಬರೆದಿದೆ ಎಂಬುದನ್ನೂ ಜೊತೆಯಲ್ಲಿ ನೆನೆಯಬೇಕು.

ಇನ್ನು ಎರಡನೆಯ ವಿಷಯಕ್ಕೆ ಬರೋಣ. ಸಂಭವನೀಯತೆಯ ಮೊದಲ ಮೆಟ್ಟಿಲು ಎಣಿಕೆ. ಆಗಬಹುದಾದುದೆಲ್ಲ ಎಷ್ಟು ಬಗೆ, ನಮಗೆ ಬೇಕಾದುದು ಅದರಲ್ಲಿ ಎಷ್ಟು ಬಗೆ ಎಂದು ಎಣಿಸದೆ ಮುಂದೆ ಹೋಗುವಂತಿಲ್ಲ. ಈ ಎಣಿಕೆಯಲ್ಲಿ ಜೈನ ಪರಂಪರೆಗೆ ಬಹು ಹಳೆಯ ಆಸಕ್ತಿ ಇತ್ತು. ಸ್ಥಾನಾಂಗಸೂತ್ರ ಗಣಿತದ ಹತ್ತು ವಿಷಯಗಳನ್ನು ಹೇಳುವಾಗ ಕೊನೆಯಲ್ಲಿ ಬರುವ ‘ವಿಕಪ್ಪೋ’ ಎಂಬುದನ್ನು ಆಧುನಿಕ ವಿದ್ವಾಂಸರು ವಿಕಲ್ಪಗಣಿತವೆಂದು ಅರ್ಥೈಸುತ್ತಾರೆ. ಭಗವತೀಸೂತ್ರದಲ್ಲಿ ಇಷ್ಟು ಜೀವಗಳು ಏಳು ನರಕಗಳನ್ನು ಎಷ್ಟು ಭಂಗಗಳಲ್ಲಿ ಪ್ರವೇಶಿಸಬಹುದೆಂಬ ಎಣಿಕೆಯಿದೆ. ಸಪ್ತಭಂಗಿಯ ಏಳೂ ಒಂದು ಎಣಿಕೆಯ ಫಲವೇ: ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರನ್ನು ಒಂದೊಂದಾಗಿ ತೆಗೆದರೆ 3, ಎರಡೆರಡಾಗಿ 3, ಮೂರನ್ನೂ ಕೂಡಿಸಿ 1. ಎಂಟನೆಯ ಭಂಗಕ್ಕೆ ಎಡೆಯಿಲ್ಲ.

ಮಹಾವೀರಾಚಾರ್ಯರು ಇಂತಹ ಎಣಿಕೆಗೆ ಯಾವ ಸಂಖ್ಯೆಗೂ ಸಲ್ಲುವ ಸಾಮಾನ್ಯ ಸೂತ್ರವನ್ನು ಕೊಟ್ಟರು. ಒಂದರಿಂದ ಒಂದೊಂದಾಗಿ ಏರುವ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಕ್ರಮವಾಗಿಯೂ ಇನ್ನೊಂದರಲ್ಲಿ ವ್ಯುತ್ಕ್ರಮವಾಗಿಯೂ ಬರೆದು, ಬೇಕಾದಷ್ಟು ಪದಗಳ ಗುಣಲಬ್ಧಗಳನ್ನು ಒಂದರಿಂದೊಂದು ಭಾಗಿಸಬೇಕು. ಆರರಲ್ಲಿ ಮೂರನ್ನು ಆಯುವ ಬಗೆಗಳೆಷ್ಟು? 6, 5, 4ರ ಗುಣಲಬ್ಧ 120, ಅದನ್ನು 1, 2, 3ರ ಗುಣಲಬ್ಧ 6ರಿಂದ ಭಾಗಿಸಿದರೆ 20. ಪಿಯುಸಿ ವಿದ್ಯಾರ್ಥಿ ವಿಕಲ್ಪಗಳ ಪಾಠದಲ್ಲಿ ಕಲಿಯುವುದು ಇದನ್ನೇ. ಯೂರೋಪಿನಲ್ಲಿ ಈ ಸಾಮಾನ್ಯ ಸೂತ್ರ ಎರಿಗೋನನ ಗ್ರಂಥದಲ್ಲಿ 1634ರಲ್ಲಿ ಕಾಣಿಸಿಕೊಂಡಿತೆಂದು ಗಣಿತೇತಿಹಾಸಗಳು ಹೇಳುತ್ತವೆ. ಸೂತ್ರದ ಕೆಳಗಿನ ಉದ್ದೇಶಕಗಳು ಮತ್ತೆ ಮನೆಯ, ಅಂಗಡಿಯ ವಸ್ತುಗಳು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳ ಮಿಶ್ರಣಗಳು ಎಷ್ಟು? ವಜ್ರ, ಇಂದ್ರನೀಲ, ಮರಕತ, ಹವಳ, ಮುತ್ತುಗಳಿಂದ ಎಷ್ಟು ಬಗೆಯ ಸರ? ರಸಗಳಿಗೆ ಉತ್ತರ 6, 15, 20, 15, 6, 1 ಸೇರಿ 63. ಆಯುರ್ವೇದ ಗ್ರಂಥಗಳಿಗೂ ಈ 63 ಪರಿಚಿತ ಸಂಖ್ಯೆ. ರತ್ನಗಳಿಗೆ 31.

ಸಾಹಿತ್ಯದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಛಂದಸ್ಸಿನಲ್ಲಿದೆ. ಮಿಶ್ರಕ ವ್ಯವಹಾರದ ಕೊನೆಯಲ್ಲಿ ಆಚಾರ್ಯರು ಛಂದಶ್ಶಾಸ್ತ್ರದ ಪ್ರಸ್ತಾರಾದಿಗಳ ಗಣಿತವನ್ನೂ ಹೇಳಿದ್ದಾರೆ. ನಾಗವರ್ಮನ ಛಂದೋಂಬುಧಿಯಲ್ಲಿ ನಾವು ಷಟ್ಪ್ರತ್ಯಯಗಳೆಂದು ಓದಿ, ಪರೀಕ್ಷೆಗೆ ಬೇಡವೆಂದು ಬಿಟ್ಟುಬಿಡುವ ಭಾಗವೂ ಇದನ್ನೇ ಕುರಿತದ್ದು. ಮೂರಕ್ಷರದ ಗಣಗಳು ಎಂಟು. ಮೂರೂ ಗುರುವಾದ ಮಗಣ ಒಂದು. ಎರಡು ಗುರು ಒಂದು ಲಘು ಇರುವ ಯ, ರ, ತ ಗಣಗಳು ಮೂರು. ಒಂದು ಗುರು ಎರಡು ಲಘು ಇರುವ ಭ, ಜ, ಸ ಗಣಗಳು ಮೂರು. ಮೂರೂ ಲಘುವಾದ ನಗಣ ಒಂದು. ಈಗ ಹತ್ತನೆಯ ತರಗತಿಯ ಮಗುವಿಗೆ ಕೊಡುವ ಲೆಕ್ಕವೊಂದನ್ನು ನೋಡಿ: ಮೂರು ನಾಣ್ಯಗಳನ್ನು ಒಮ್ಮೆಗೇ ಚಿಮ್ಮಿದರೆ ಸರಿಯಾಗಿ ಎರಡು ಶಿರ ಬೀಳುವ ಸಂಭವನೀಯತೆ ಎಷ್ಟು? ಶಿರಕ್ಕೆ ಗುರು, ಪುಚ್ಛಕ್ಕೆ ಲಘು ಎಂದು ಬರೆದುಕೊಂಡರೆ ಅದರ ಫಲಿತಗಳ ಪಟ್ಟಿ ನಮ್ಮ ಗಣಗಳ ಪಟ್ಟಿಯೇ. ಎಂಟರಲ್ಲಿ ಯ, ರ, ತ ಮೂರು, ಆದ್ದರಿಂದ ಉತ್ತರ 3/8.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಷ್ಟನ್ನು ನೋಡಿ ‘ಸಂಭವನೀಯತೆಯನ್ನು ನಮ್ಮವರೇ ಕಂಡುಹಿಡಿದರು’ ಎಂದು ಘೋಷಿಸುವವರಿದ್ದಾರೆ. ಸಭೆಗಳಲ್ಲಿ ಇಂತಹ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಎಂಟು ಗಣಗಳಿವೆ ಎನ್ನುವುದು ಬೇರೆ, ಎಂಟೂ ಸಮಾನ ಅವಕಾಶವುಳ್ಳವು ಎನ್ನುವುದು ಬೇರೆ. ಕವಿ ಗಣವನ್ನು ಆಯ್ದು ಇಡುತ್ತಾನೆ, ಚಿಮ್ಮುವುದಿಲ್ಲ. ಆ 3ನ್ನು 8ರಿಂದ ಭಾಗಿಸಿ, ‘ಇದು ಅದರ ಅವಕಾಶದ ಅಳತೆ’ ಎಂದು ಹೇಳಿದ ಒಂದು ಪದ್ಯವೂ ಗಣಿತಸಾರಸಂಗ್ರಹದಲ್ಲಿಲ್ಲ. ಸ್ಯಾದ್ವಾದದ ಬಗೆಗೂ ಇದೇ ಮಾತು. ಪಿ. ಸಿ. ಮಹಾಲನೋಬಿಸ್ 1954ರಲ್ಲಿಯೂ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿಯೂ ಸ್ಯಾದ್ವಾದವನ್ನು ಸಂಖ್ಯಾಶಾಸ್ತ್ರೀಯ ಚಿಂತನೆಯ ಸಮೀಪಕ್ಕಿಟ್ಟು ಬರೆದ ಲೇಖನಗಳು ಗಂಭೀರವಾದವು, ಓದತಕ್ಕವು. ಆದರೆ ‘ಸ್ಯಾತ್’ ಎಂಬುದಕ್ಕೆ ‘ಇರಬಹುದೇನೋ’ ಎಂಬ ಸಂಶಯದ ಅರ್ಥವನ್ನು ನಮ್ಮ ಆಚಾರ್ಯರು ಒಪ್ಪುವುದಿಲ್ಲ. ‘ಒಂದು ಅಪೇಕ್ಷೆಯಿಂದ’ ಎಂಬುದು ಅದರ ಅರ್ಥ, ಆ ಅಪೇಕ್ಷೆಯಿಂದ ಅದು ನಿಶ್ಚಯವೇ. ಮಳೆ ಬರಬಹುದು ಬಾರದಿರಬಹುದು ಎನ್ನುವ ಅನಿಶ್ಚಯಕ್ಕೂ ಅದಕ್ಕೂ ಕುಲಸಂಬಂಧವಿಲ್ಲ.

ಹಾಗಾದರೆ ಬಾಗಿಲವರೆಗೆ ಬಂದಿದೆ ಎಂದು ನಾನು ಹೇಳಿದ್ದು ಏಕೆ? ಅದಕ್ಕೆ ಕಾರಣ ಅದೇ ಮಿಶ್ರಕ ವ್ಯವಹಾರದ ಇನ್ನೊಂದು ಲೆಕ್ಕ. ಮಂತ್ರ ಮತ್ತು ಔಷಧಗಳ ಬಲವುಳ್ಳ ಒಬ್ಬ ಪುರುಷ ಕೋಳಿಅಂಕವನ್ನು ನೋಡುತ್ತಾನೆ. ಎರಡು ಕೋಳಿಗಳ ಒಡೆಯರನ್ನೂ ಬೇರೆಬೇರೆಯಾಗಿ ಕಂಡು ಗುಟ್ಟಾಗಿ ಮಾತಾಡುತ್ತಾನೆ. ಮೊದಲನೆಯವನಿಗೆ ಹೇಳುವುದು: ನಿನ್ನ ಕೋಳಿ ಗೆದ್ದರೆ ಪಣದ ಹಣವನ್ನು ನನಗೆ ಕೊಡು, ಸೋತರೆ ಆ ಹಣದ ಮೂರನೆಯ ಎರಡು ಭಾಗವನ್ನು ನಾನು ನಿನಗೆ ಕೊಡುತ್ತೇನೆ. ಎರಡನೆಯವನಿಗೂ ಇದೇ ಮಾತು, ಆದರೆ ಅವನು ಸೋತರೆ ಕೊಡುವುದು ನಾಲ್ಕನೆಯ ಮೂರು ಭಾಗ. ಯಾವ ಕೋಳಿ ಗೆದ್ದರೂ ಇವನಿಗೆ 12 ಹೊನ್ನು ಲಾಭ. ಇಬ್ಬರ ಪಣಗಳೆಷ್ಟು?

ಜೀವದಯೆಯನ್ನು ಪರಮಧರ್ಮವೆನ್ನುವ ಆಚಾರ್ಯರೊಬ್ಬರು ಕೋಳಿಅಂಕವನ್ನು ಲೆಕ್ಕಕ್ಕೆ ತಂದದ್ದು ಸೋಜಿಗವೆನಿಸಬಹುದು. ಜನ್ನನ ಯಶೋಧರಚರಿತೆಯನ್ನು (1209) ಓದಿದವರಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ತಾಯಿಮಕ್ಕಳು ಜನ್ಮಜನ್ಮಾಂತರ ಅಲೆದದ್ದೂ, ಕಡೆಗೊಮ್ಮೆ ತಾವೇ ಕೋಳಿಗಳಾಗಿ ಹುಟ್ಟಿದ್ದೂ ನೆನಪಿಗೆ ಬರುತ್ತದೆ. ಆದರೆ ಮಹಾವೀರಾಚಾರ್ಯರ ಪದ್ಯದಲ್ಲಿ ಹೋರಾಟದ ವರ್ಣನೆ ಇಲ್ಲ. ಬಾಳೆಯ ವನಕ್ಕೆ ಅಷ್ಟು ಮಾತು ಖರ್ಚುಮಾಡಿದ ಲೇಖನಿ ಇಲ್ಲಿ ಕೋಳಿಗಳ ಕಡೆ ನೋಡುವುದೇ ಇಲ್ಲ. ಅದು ನೋಡುವುದು ಮೂವರು ಮನುಷ್ಯರನ್ನು.

ಮೊದಲನೆಯವನ ಪಣ ‘ಕ’, ಎರಡನೆಯವನದು ‘ಗ’ ಆಗಿರಲಿ. ಮೊದಲ ಕೋಳಿ ಗೆದ್ದರೆ ಇವನಿಗೆ ಕ ಬರುತ್ತದೆ, ಗ ದ 3/4 ಹೋಗುತ್ತದೆ, 12 ಉಳಿಯುತ್ತದೆ. ಎರಡನೆಯದು ಗೆದ್ದರೆ ಗ ಬರುತ್ತದೆ, ಕ ದ 2/3 ಹೋಗುತ್ತದೆ, ಆಗಲೂ 12 ಉಳಿಯುತ್ತದೆ. ಎರಡು ಸಮೀಕರಣಗಳನ್ನು ಬಿಡಿಸಿದರೆ ಕ 42, ಗ 40. ತಾಳೆ: 42ರಲ್ಲಿ 30 ಕಳೆದರೆ 12, 40ರಲ್ಲಿ 28 ಕಳೆದರೆ 12.

ಇಲ್ಲಿಗೆ ಗ್ರಂಥದ ಲೆಕ್ಕ ಮುಗಿಯಿತು. ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತಳ್ಳಿ ನೋಡೋಣ. ಮೊದಲನೆಯವನು ಗೆದ್ದರೆ ಕೊಡಬೇಕಾದುದು 42, ಸೋತರೆ ಪಡೆಯುವುದು 28, ಎರಡೂ ಸೇರಿ 70. ಈ ಒಪ್ಪಂದದಿಂದ ತನಗೆ ನಷ್ಟವಿಲ್ಲ ಎಂದು ಅವನಿಗೆ ತೋರಬೇಕಾದರೆ ತನ್ನ ಕೋಳಿ ಗೆಲ್ಲುವ ಸಂಭವನೀಯತೆ ಹೆಚ್ಚೆಂದರೆ 28/70, ಎಂದರೆ 2/5 ಎಂದು ಅವನು ಎಣಿಸಿರಬೇಕು. ಎರಡನೆಯವನು ಗೆದ್ದರೆ ಕೊಡುವುದು 40, ಸೋತರೆ ಪಡೆಯುವುದು 30, ಇವೂ ಸೇರಿ 70. ಅವನ ಎಣಿಕೆ ಹೆಚ್ಚೆಂದರೆ 30/70, ಎಂದರೆ 3/7. ಆದರೆ ಎರಡರಲ್ಲಿ ಒಂದು ಕೋಳಿ ಗೆಲ್ಲಲೇಬೇಕಷ್ಟೆ, ಎರಡು ಸಂಭವನೀಯತೆಗಳ ಮೊತ್ತ 1 ಆಗಬೇಕು. 2/5 ಮತ್ತು 3/7 ಸೇರಿದರೆ ಆಗುವುದು 29/35. ಉಳಿದ 6/35 ಎಲ್ಲಿ ಹೋಯಿತು? 70ನ್ನು ಅದರಿಂದ ಗುಣಿಸಿ ನೋಡಿ, 12 ಬರುತ್ತದೆ. ಇಬ್ಬರು ಒಡೆಯರ ಅಂಜಿಕೆಗಳ ನಡುವೆ ಬಿಟ್ಟುಹೋದ ಸಂದಿನಲ್ಲಿ ಆ ಚತುರನ ಹನ್ನೆರಡು ಹೊನ್ನು ಬಿದ್ದಿದೆ. ಅವನು ಬೇರೆಬೇರೆಯಾಗಿ, ಗುಟ್ಟಾಗಿ ಮಾತಾಡಿದನೆಂಬ ವಿವರ ಕಥೆಯ ಅಲಂಕಾರವಲ್ಲವೆಂಬುದು ಈಗ ತಿಳಿಯುತ್ತದೆ. ಇಬ್ಬರೂ ಒಂದೆಡೆ ಕುಳಿತು ತಮ್ಮ ಒಪ್ಪಂದಗಳನ್ನು ಹೋಲಿಸಿದ್ದರೆ ಈ ಲೆಕ್ಕವೇ ಹುಟ್ಟುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಫ್ರಾಂಕ್ ರ‍್ಯಾಮ್ಸೆ ಮತ್ತು ಬ್ರೂನೊ ಡಿ ಫಿನೆಟ್ಟಿ ಸಂಭವನೀಯತೆಯ ನಿಯಮಗಳಿಗೆ ಕೊಟ್ಟ ಒಂದು ಸಮರ್ಥನೆ ಇದೇ ಸನ್ನಿವೇಶವನ್ನು ತಿರುವಿಹಾಕಿದ್ದು: ನಿನ್ನ ನಂಬಿಕೆಗಳ ಅಳತೆಗಳು ಈ ನಿಯಮಗಳನ್ನು ಮೀರಿದರೆ, ಏನೇ ನಡೆದರೂ ನೀನು ಸೋಲುವಂತಹ ಪಣಗಳನ್ನು ನಿನ್ನ ಮೇಲೆ ಕಟ್ಟಬಹುದು. ಮಹಾವೀರಾಚಾರ್ಯರು ಆ ಪಣಗಳನ್ನು ಕಟ್ಟಿ ತೋರಿಸಿದರು. ಅದರ ಹಿಂದಿನ ನಿಯಮವನ್ನು ಕೇಳಲಿಲ್ಲ.

ಏಕೆ ಕೇಳಲಿಲ್ಲ? ದ್ಯೂತ ಸಪ್ತವ್ಯಸನಗಳಲ್ಲೊಂದು, ಆದ್ದರಿಂದ ಜೈನ ಗಣಿತಜ್ಞರು ಅತ್ತ ಸುಳಿಯಲಿಲ್ಲ ಎಂಬ ಸಮಾಧಾನ ಸುಲಭವಾಗಿ ಬಾಯಿಗೆ ಬರುತ್ತದೆ. ಅದು ಸಾಲದು. ಕೋಳಿಯ ಪಣವನ್ನು ಲೆಕ್ಕಕ್ಕೆ ತಂದವರಿಗೆ ದಾಳದ ಪಣ ನಿಷಿದ್ಧವಾಗಬೇಕಾಗಿರಲಿಲ್ಲ. ಇದಲ್ಲದೆ ಜೂಜು ಈ ದೇಶದಲ್ಲಿ ರಾಜಾಡಳಿತದ ಒಳಗೇ ಇತ್ತು. ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನಿದ್ದಾನೆ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ಅವನು ವಸೂಲಿಮಾಡುತ್ತಾನೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ತಾರೆಯ ಮರದ ಎಲೆ ಹಣ್ಣುಗಳನ್ನು ನೋಡಿದಾಕ್ಷಣ ಎಣಿಸಿ ಹೇಳುತ್ತಾನೆ, ಅವನೇ ಅಕ್ಷಹೃದಯವನ್ನೂ ಬಲ್ಲವನು. ಎಣಿಕೆಗೂ ದಾಳಕ್ಕೂ ಸಂಬಂಧವಿದೆಯೆಂಬ ಅರಿವು ಕಥೆ ಕಟ್ಟಿದವರಿಗೆ ಇದ್ದಿರಬೇಕು.

ನನ್ನ ಊಹೆ ಇಷ್ಟು. ಉದ್ದೇಶಕವೆಂಬ ಪ್ರಕಾರಕ್ಕೆ ತನ್ನದೇ ಆದ ಒಂದು ಕಟ್ಟು ಇದೆ: ಗುರು ಕೇಳುತ್ತಾನೆ, ಶಿಷ್ಯ ಉತ್ತರಿಸುತ್ತಾನೆ, ಉತ್ತರವನ್ನು ಪ್ರಶ್ನೆಯೊಳಗೆ ಹಿಂದಕ್ಕಿಟ್ಟು ತಾಳೆ ನೋಡುತ್ತಾರೆ. 5 ಹಣ್ಣುಗಳನ್ನು ಇಟ್ಟರೆ 23 ಮಂದಿಗೆ ಹಂಚಿಕೆ ಸರಿಹೋಗುತ್ತದೆ. 42, 40 ಇಟ್ಟರೆ ಎರಡು ಕಡೆಯೂ 12 ಬರುತ್ತದೆ. ಕಂಠಾಭರಣದ ಲೆಕ್ಕ ತನ್ನ ಸರಿತಪ್ಪನ್ನು ತಾನೇ ಹೇಳುತ್ತದೆ. ‘ಎರಡು ಶಿರ ಬೀಳುವ ಸಂಭವನೀಯತೆ 3/8’ ಎಂಬ ಉತ್ತರವನ್ನು ಹೀಗೆ ತಾಳೆ ನೋಡಲಾಗದು. ನಾಣ್ಯ ಚಿಮ್ಮಿದರೆ ಎರಡು ಶಿರ ಬೀಳುತ್ತವೆ ಅಥವಾ ಬೀಳುವುದಿಲ್ಲ, 3/8 ಎಂದೂ ಬೀಳದು. ಅಂತಹ ಉತ್ತರವನ್ನು ಒಪ್ಪಿಕೊಳ್ಳಲು ಒಮ್ಮೆಯ ಘಟನೆಯಿಂದ ಬಹುಬಾರಿಯ ಘಟನೆಗಳ ಕಡೆಗೆ ಮನಸ್ಸು ತಿರುಗಬೇಕು, ಅಥವಾ ಇನ್ನೂ ಆಡದ ಆಟದ ಪಾಲನ್ನು ನ್ಯಾಯವಾಗಿ ಹಂಚುವ ಪ್ರಶ್ನೆ ಹುಟ್ಟಬೇಕು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ನಡುವಿನ ಪತ್ರಗಳಲ್ಲಿ ಎದ್ದದ್ದು ಈ ಹಂಚಿಕೆಯ ಪ್ರಶ್ನೆಯೇ: ನಡುವೆ ನಿಂತ ಆಟದ ಪಣವನ್ನು ಇಬ್ಬರು ಆಟಗಾರರಿಗೆ ಹೇಗೆ ಹಂಚಬೇಕು? ಮಿಶ್ರಕ ವ್ಯವಹಾರದ ತುಂಬ ಪಾಲುಗಾರಿಕೆಯ, ಬಡ್ಡಿಯ, ಹಂಚಿಕೆಯ ಲೆಕ್ಕಗಳೇ ಇವೆ. ಆದರೆ ಅಲ್ಲಿ ಹಂಚುವುದು ಕೈಗೆ ಬಂದ ಹಣವನ್ನು, ಬರಬಹುದಾದ ಹಣವನ್ನಲ್ಲ. ನಿಶ್ಚಿತವಾದ ಉತ್ತರವನ್ನು ಬೇಡುವ ಪ್ರಕಾರ ಅನಿಶ್ಚಿತದಲ್ಲಿಯೂ ನಿಶ್ಚಿತವಾದುದನ್ನೇ ಹುಡುಕಿತು, ಕೋಳಿಅಂಕದಲ್ಲಿ ಅದಕ್ಕೆ ಸಿಕ್ಕಿದ್ದೂ ಹನ್ನೆರಡು ಹೊನ್ನಿನ ನಿಶ್ಚಯವೇ. ಇದನ್ನು ಸಿದ್ಧಪಡಿಸುವಷ್ಟು ಆಧಾರ ನನ್ನಲ್ಲಿಲ್ಲ. ಶ್ರೀಧರನ ಮತ್ತು ಭಾಸ್ಕರಾಚಾರ್ಯರ ಉದಾಹರಣೆಗಳನ್ನೂ ಇದೇ ದೃಷ್ಟಿಯಿಂದ ಓದಿದ ಸಂಶೋಧಕರು ಇದನ್ನು ಸ್ಥಾಪಿಸಬಹುದು ಅಥವಾ ಮುರಿಯಬಹುದು.

ಗ್ರಂಥದ ಮುಂದಿನ ಬದುಕಿನ ಬಗೆಗೆ ಎರಡು ಮಾತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ರಂಗಾಚಾರ್ಯರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದುವು, ಮೂಡುಬಿದಿರೆಯಿಂದಲೂ ಒಂದು ಪ್ರತಿ ದೊರೆತಿತ್ತು. ಕನ್ನಡದಲ್ಲಿ ಗಣಿತವನ್ನು ಬರೆದವನು ಹನ್ನೆರಡನೆಯ ಶತಮಾನದ ಜೈನಕವಿ, ಪೂವಿನಬಾಗೆಯ ರಾಜಾದಿತ್ಯ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಚಿತ್ರಹಸುಗೆ, ಲೀಲಾವತಿ, ಜೈನಗಣಿತಸೂತ್ರೋದಾಹರಣ ಎಂಬ ಅವನ ಕೃತಿಗಳ ಹೆಸರನ್ನು ಕವಿಚರಿತೆಯಲ್ಲಿ ಓದಿ ನಾವು ಮುಂದೆ ಹೋಗುತ್ತೇವೆ. ವ್ಯವಹಾರಗಣಿತ ಗದ್ಯಪದ್ಯಮಿಶ್ರಿತವಾದುದು. ವಡ್ಡಾರಾಧನೆಯ ಕಥನಗದ್ಯವನ್ನೂ ವಚನಗಳ ಗದ್ಯವನ್ನೂ ಎಷ್ಟೋ ಬಗೆಯಲ್ಲಿ ವಿಶ್ಲೇಷಿಸಿರುವ ನಾವು, ಸೂತ್ರವನ್ನು ಬಿಡಿಸಿ ಶಿಷ್ಯನಿಗೆ ಹೆಜ್ಜೆಹೆಜ್ಜೆಯಾಗಿ ಹೇಳಿಕೊಡುವ ಈ ಬೋಧನಗದ್ಯದ ವಾಕ್ಯರಚನೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿಲ್ಲ. ಒಬ್ಬ ಎಂ.ಎ. ವಿದ್ಯಾರ್ಥಿಯ ಸಂಪ್ರಬಂಧಕ್ಕೆ ಅಲ್ಲಿ ಧಾರಾಳವಾದ ಸಾಮಗ್ರಿಯಿದೆ. ಅವನಿಗೆ ಬೇಕಾದುದು ಹಳಗನ್ನಡದ ಪರಿಚಯ, ಒಂದು ಪೆನ್ಸಿಲು ಮತ್ತು ಹತ್ತನೆಯ ತರಗತಿಯ ಗಣಿತ.

ರಸಗಳ ಮತ್ತು ರತ್ನಗಳ ಲೆಕ್ಕದೊಡನೆ ಆಚಾರ್ಯರು ಹೂಗಳದ್ದೂ ಒಂದನ್ನು ಇಟ್ಟಿದ್ದಾರೆ: ಕೇತಕಿ, ಅಶೋಕ, ಚಂಪಕ, ನೀಲೋತ್ಪಲಗಳಿಂದ ಎಷ್ಟು ಬಗೆಯ ಮಾಲೆಗಳಾಗುತ್ತವೆ? ಇದನ್ನು ಇಲ್ಲಿ ಬಿಡಿಸಿಲ್ಲ. ಓದುಗರು ಎರಡು ಸಾಲುಗಳನ್ನು ಬರೆದುಕೊಂಡು ಮಾಡಿ ನೋಡಲಿ, 15 ಬಂದರೆ ಸರಿ.